ಕುಲಶೇಖರದ ಒಂದು ಮನೆಯ ಗುಟ್ಟು

ಜಾಹೀರಾತಿನ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಎರಡು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಒಂದು, ನೀವು ಬರೆದದ್ದನ್ನು ಯಾರೂ ಓದುವುದಿಲ್ಲ. ಎರಡು, ಯಾರು ಓದಬಾರದೋ ಅವರು ಮಾತ್ರ ಕನ್ನಡಕ ಹಾಕಿಕೊಂಡು ಓದುತ್ತಾರೆ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಕೇಳಬೇಡಿ. ಇಡೀ ಆಯುಷ್ಯ ಮಂಗಳೂರಿನಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದ ನನಗೂ ಗೊತ್ತಾಗಿಲ್ಲ.

ಈಚೆಗೆ ಒಂದು ಕಾಲೇಜಿನವರು ಮಾತಾಡಲು ಕರೆದಿದ್ದರು. ಬಾಗಿಲಲ್ಲೇ ನನ್ನ ಫೋಟೋ ಇದ್ದ ಫ್ಲೆಕ್ಸ್, ಕೆಳಗೆ ‘ಸೃಜನಶೀಲತೆಯ ಭೀಷ್ಮ’ ಎಂಬ ಬಿರುದು. ಭೀಷ್ಮ ಕೊನೆಗೆ ಮಲಗಿದ್ದು ಬಾಣಗಳ ಮೇಲೆ ಎಂಬುದು ಬರೆದವರಿಗೆ ಮರೆತಿತ್ತೋ, ನೆನಪಿದ್ದೇ ಬರೆದರೋ ತಿಳಿಯದು. ಮಾತು ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಎದ್ದು, ನಿಮ್ಮ ಅತ್ಯುತ್ತಮ ಜಾಹೀರಾತು ಯಾವುದು ಎಂದು ಕೇಳಿದಳು. ನಾನು ಬಿಲ್ಡರ್ ಒಬ್ಬರ ಕಥೆ ಹೇಳಿ ನಗಿಸಿದೆ. ಅವರ ಫ್ಲ್ಯಾಟುಗಳಿಗೆ ‘ಪ್ರತಿ ಸಂಜೆ ಕಡಲಿನ ಜೊತೆ’ ಎಂದು ಬರೆದಿದ್ದೆ. ಆ ಕಟ್ಟಡದಿಂದ ಕಡಲು ಕಾಣುತ್ತಿದ್ದದ್ದು ತಾರಸಿಯ ನೀರಿನ ಟ್ಯಾಂಕಿನ ಮೇಲೆ ನಿಂತರೆ ಮಾತ್ರ. ಮನೆ ಕೊಂಡವರು ಜಗಳಕ್ಕೆ ಬಂದಾಗ ಬಿಲ್ಡರ್ ಟ್ಯಾಂಕಿಗೆ ಒಂದು ಕಬ್ಬಿಣದ ಏಣಿ ಹಾಕಿಸಿಕೊಟ್ಟರು. ಸಭೆಯಲ್ಲಿ ಚಪ್ಪಾಳೆ ಬಿತ್ತು.

ಚಹಾ ಕುಡಿಯುವಾಗ ಅದೇ ಹುಡುಗಿ ಬಂದು ತನ್ನ ಫೋನು ತೋರಿಸಿದಳು. ಯಾವ ವಸ್ತುವಿಗೆ ಬೇಕಾದರೂ ಅದು ಚಿಟಿಕೆ ಹೊಡೆಯುವುದರೊಳಗೆ ಸಾಲು ಬರೆದು ಕೊಡುತ್ತದಂತೆ. ಮಸಾಲೆ ಪುಡಿಗೆ ಬರೆಯಲು ಹೇಳು ಎಂದೆ. ಹತ್ತು ಸಾಲು ಬಂದವು. ಮೂರನೆಯದು: ‘ಒಂದು ಮನೆಯ ಮೂರು ತಲೆಮಾರಿನ ಗುಟ್ಟು, ಈಗ ನಿಮ್ಮ ಅಡುಗೆಮನೆಗೆ.’ ಚಹಾದ ಕಪ್ಪು ಕೆಳಗಿಟ್ಟೆ. ಹೆಚ್ಚುಕಡಿಮೆ ಇದೇ ಸಾಲನ್ನು ನಾನು ಮೂರು ವಾರ ತಲೆ ಕೆರೆದುಕೊಂಡು ಬರೆದಿದ್ದೆ. ಅದರಿಂದ ಒಬ್ಬ ಹೆಂಗಸಿನ ಬದುಕು ಮಗುಚಿ ಬೀಳುವುದರಲ್ಲಿತ್ತು. ಆ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರ ಅದು. ಅಂದು ಹೇಳುವ ಧೈರ್ಯ ಬರಲಿಲ್ಲ, ಈಗ ಬರೆಯುತ್ತಿದ್ದೇನೆ.

ನಮ್ಮ ಏಜೆನ್ಸಿ ಇದ್ದದ್ದು ಬಂದರಿನಲ್ಲಿ, ಒಣಮೆಣಸಿನ ಗೋಡೌನಿನ ಮಹಡಿಯಲ್ಲಿ. ಕೆಳಗೆ ಚೀಲ ಇಳಿಸಿದರೆ ಮೇಲೆ ನಾವು ಸೀನುತ್ತಿದ್ದೆವು. ಐಸ್‌ಕ್ರೀಮಿಗೆ ಬರೆಯಲಿ, ರೇಷ್ಮೆ ಸೀರೆಗೆ ಬರೆಯಲಿ, ಪ್ರತಿ ಸಾಲಿನ ಹಿಂದೆ ನಾಲ್ಕು ಸೀನು ಇರುತ್ತಿತ್ತು. ಸ್ಫೂರ್ತಿ ಹುಡುಕಿಕೊಂಡು ಬೆಟ್ಟಕ್ಕೆ ಹೋಗುವ ಬರಹಗಾರರ ಬಗ್ಗೆ ಓದಿದಾಗಲೆಲ್ಲ ನನಗೆ ಮೂಗು ತುರಿಸುತ್ತದೆ.

ಯಜಮಾನರು ಕಾಮತ್ರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಕೆಡದ ಬಿಳಿ ಅಂಗಿ, ಬಾಯಲ್ಲಿ ಸದಾ ಒಂದು ಲವಂಗ. ಜಾಹೀರಾತಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಮೀನಿನ ಪೆಟ್ಟಿಗೆಗೆ ಐಸ್ ಮಾಡುವ ಫ್ಯಾಕ್ಟರಿಯವರೊಬ್ಬರು ದೊಡ್ಡ ಜಾಹೀರಾತು ಬೇಕೆಂದು ಬಂದಿದ್ದರು. ಐಸ್ ಬೇಕಾದವರೆಲ್ಲ ಆಗಲೇ ಅವರ ಗೇಟಿನಲ್ಲಿ ನಿಂತು ಕೂಗುತ್ತಿದ್ದರು, ಮತ್ತೆ ಜಾಹೀರಾತು ಯಾಕೆ ಎಂದು ನನಗೆ ಆಶ್ಚರ್ಯ. ಅವರು ಹೋದ ಮೇಲೆ ಕಾಮತ್ರು ಬಿಡಿಸಿ ಹೇಳಿದರು. ಆ ಮನುಷ್ಯನ ಭಾವನ ಹೋಟೆಲಿನ ಜಾಹೀರಾತು ಹಿಂದಿನ ವಾರ ಅರ್ಧ ಪುಟ ಬಂದಿತ್ತು. ಗಿರಾಕಿಗಾಗಿ ಜಾಹೀರಾತು ಕೊಡುವವರಿಗಿಂತ ಭಾವನಿಗಾಗಿ ಕೊಡುವವರೇ ನಮ್ಮನ್ನು ಸಾಕುತ್ತಾರೆ ಎಂದು ಅಂದೇ ಕಲಿತೆ.

ಕಾಮತ್ರ ಹತ್ತಿರ ಒಂದು ಪರೀಕ್ಷೆ ಇತ್ತು. ಯಾವ ಸಾಲು ಬರೆದರೂ ಅದನ್ನು ಬಜಪೆಯಲ್ಲಿದ್ದ ತಮ್ಮ ಅಕ್ಕ ಸುಮತಿಯವರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದರು. ಸುಮತಿಯಕ್ಕ ‘ಎಲ್ಲಿ ಸಿಗ್ತದೆ?’ ಎಂದು ಕೇಳಿದರೆ ಜಾಹೀರಾತು ಪಾಸು. ‘ಯಾರು ಬರ್ದದ್ದು, ಭಾರೀ ಲಾಯ್ಕುಂಟು’ ಎಂದರೆ ಫೇಲು, ಕಾಗದ ಬುಟ್ಟಿಗೆ. ಮುದ್ರಣದಲ್ಲಿ ಅಚ್ಚುಮೊಳೆಯ ಕಾಲ ಹೋಗಿ ಫಿಲ್ಮಿನ ಕಾಲ ಬಂತು, ಫಿಲ್ಮು ಹೋಗಿ ಕಂಪ್ಯೂಟರ್ ಬಂತು, ಬಣ್ಣ ಬಳಿದ ಬೋರ್ಡುಗಳೆಲ್ಲ ಹೋಗಿ ಊರಿಡೀ ಫ್ಲೆಕ್ಸ್ ತೂಗಾಡಿತು. ಸುಮತಿಯಕ್ಕ ಮಾತ್ರ ಬದಲಾಗಲಿಲ್ಲ. ನನ್ನನ್ನು ನಾನು ದೊಡ್ಡ ಬರಹಗಾರ ಎಂದುಕೊಂಡಿದ್ದ ದಿನಗಳಲ್ಲಿ ಆ ಹೆಂಗಸಿನ ಮೇಲೆ ನನಗೆ ವಿಪರೀತ ಸಿಟ್ಟಿತ್ತು.

ಇಂಥ ಏಜೆನ್ಸಿಯ ಮೆಟ್ಟಿಲು ಹತ್ತಿ ಒಂದು ದಿನ ಫೆಲ್ಸಿಬಾಯಿ ಬಂದರು.

ಅವರದ್ದು ಮಂಗಳೂರಿನ ಕುಲಶೇಖರದಲ್ಲಿ ಮೆಣಸಿನ ಮಿಲ್. ಅತ್ತೆ ಶುರುಮಾಡಿದ್ದು, ಅತ್ತೆಯ ನಂತರ ಇವರು ನೋಡಿಕೊಂಡಿದ್ದರು. ಗಂಡ ಗಲ್ಫಿನಲ್ಲಿ ದುಡಿದು ಸೊಂಟ ಕೆಡಿಸಿಕೊಂಡು ಬಂದು ಮನೆಯಲ್ಲಿದ್ದರು, ಹಾಗಾಗಿ ಮನೆ ನಡೆಯುತ್ತಿದ್ದದ್ದು ಆ ಮಿಲ್ಲಿನಿಂದಲೇ. ನನಗೂ ಅವರು ಹೊಸಬರಲ್ಲ. ನಮ್ಮ ಮನೆಯೂ ಕುಲಶೇಖರದಲ್ಲೇ. ನನ್ನ ಅಮ್ಮ ಬದುಕಿದ್ದಾಗಿನಿಂದ ನಮ್ಮ ಕೋಳಿ ಗಸಿಯ, ಎಂದರೆ ಗಟ್ಟಿ ಸಾರಿನ, ಪುಡಿ ಆಗುತ್ತಿದ್ದದ್ದು ಅಲ್ಲೇ. ಅಮ್ಮ ಹೋದ ಮೇಲೆ ನನ್ನ ಹೆಂಡತಿ ವಸಂತಿ ಅದೇ ಡಬ್ಬಿ ಹಿಡಿದುಕೊಂಡು ಅದೇ ಮಿಲ್ಲಿಗೆ ಹೋಗುತ್ತಿದ್ದಳು.

ಮಳೆ ಹಿಡಿಯುವ ಮೊದಲು ವರ್ಷಕ್ಕಾಗುವಷ್ಟು ಪುಡಿ ಮಾಡಿಸಿಡುವುದು ನಮ್ಮ ಕಡೆಯ ಪದ್ಧತಿ. ಕ್ರಿಶ್ಚಿಯನ್ನರ ಮನೆಗಳಲ್ಲಿ ಮಾಂಸದ ಅಡುಗೆಗೆ ಬಫಾತ್ ಪುಡಿ, ನಮ್ಮಲ್ಲಿ ಗಸಿಯ ಪುಡಿ. ಸಾಮಾನು ಎಲ್ಲರದ್ದೂ ಬಹುಮಟ್ಟಿಗೆ ಒಂದೇ: ಒಣಮೆಣಸು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು ಎಂದರೆ ಕಾಳುಮೆಣಸು, ಅರಶಿನ. ಅಳತೆ ಮಾತ್ರ ಮನೆಗೊಂದು. ಒಂದು ಮನೆಯವರ ಅಳತೆ ಇನ್ನೊಂದು ಮನೆಯವರಿಗೆ ಗೊತ್ತಾಗಬಾರದು. ಅಕ್ಕತಂಗಿಯರ ನಡುವೆಯೂ ಹೇಳುವುದಿಲ್ಲ. ಮೊದಲೆಲ್ಲ ಹುರಿದು ಬೆರೆಸಿ ತಂದುಕೊಡುತ್ತಿದ್ದರು. ಸೊಸೆಯಂದಿರು ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಹುರಿಯುವುದು, ಬೆರೆಸುವುದು ಎಲ್ಲ ಫೆಲ್ಸಿಬಾಯಿಯ ಪಾಲಿಗೆ ಬಂತು. ಹಾಗಾಗಿ ಕುಲಶೇಖರದ ಅಷ್ಟೂ ಮನೆಗಳ ಅಳತೆ ಅವರ ಹತ್ತಿರ ಇತ್ತು. ದಪ್ಪ ರಟ್ಟಿನ ಒಂದು ಪುಸ್ತಕ. ಪುಟಕ್ಕೊಂದು ಮನೆ. ಹೆಸರು ಬರೆಯುತ್ತಿರಲಿಲ್ಲ, ಪ್ರತಿ ಪುಟದ ತಲೆಯಲ್ಲಿ ಪೆನ್ಸಿಲಿನ ಒಂದು ಚಿತ್ರ: ಒಂದಕ್ಕೆ ಬಾವಿ, ಒಂದಕ್ಕೆ ಗೇಟು, ಒಂದಕ್ಕೆ ಎರಡು ನಾಯಿ. ಪುಸ್ತಕ ಯಾರ ಕೈಗೆ ಸಿಕ್ಕಿದರೂ ತಮ್ಮದೊಂದು ಬಿಟ್ಟು ಬೇರೆ ಯಾವುದು ಯಾರ ಮನೆಯೆಂದು ತಿಳಿಯುವಂತಿರಲಿಲ್ಲ. ಊರಿನವರ ಪಾಪಗಳೆಲ್ಲ ಪಾದ್ರಿಗಳಿಗೆ ಗೊತ್ತು, ಪುಡಿಗಳೆಲ್ಲ ಫೆಲ್ಸಿಬಾಯಿಗೆ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು.

ಅಂದು ಅವರಿಗೆ ಬೇಕಾಗಿದ್ದದ್ದು ಎರಡು ಸಾಲಿನ ಜಾಹೀರಾತು. ಅಂಗಡಿಗಳಿಗೆ ಪ್ಯಾಕೆಟ್ ಪುಡಿ ಬಂದು ಮಿಲ್ಲಿಗೆ ಬರುವವರು ಕಡಿಮೆಯಾಗಿದ್ದರು. ಒಂದು ಚೀಟಿಯಲ್ಲಿ ತಾವೇ ಬರೆದು ತಂದಿದ್ದರು: ‘ಮಳೆಗಾಲದ ಮೊದಲು ಮೆಣಸು ಹುಡಿ ಮಾಡಿ ಕೊಡಲಾಗುವುದು. ನಿಮ್ಮದೇ ಅಳತೆ.’

ನಾನು ಅದನ್ನು ಓದಿ ನಕ್ಕೆ. ಈಗ ಯೋಚಿಸಿದರೆ ನನ್ನ ಜೀವಮಾನದಲ್ಲಿ ಓದಿದ ಅತ್ಯಂತ ಒಳ್ಳೆಯ ಜಾಹೀರಾತು ಅದೇ. ಅಂದು ನನಗೆ ಅದು ಪಂಚಾಯತಿಯ ನೋಟಿಸಿನ ಹಾಗೆ ಕಂಡಿತು. ಇಷ್ಟು ಸಣ್ಣದಾಗಿ ಯೋಚಿಸಿದರೆ ಆಗುವುದಿಲ್ಲ, ಪ್ಯಾಕೆಟಿಗೆ ಪ್ಯಾಕೆಟೇ ಉತ್ತರ, ನಿಮ್ಮದೇ ಒಂದು ಬ್ರ್ಯಾಂಡ್ ಮಾಡೋಣ ಎಂದು ಉಪನ್ಯಾಸ ಕೊಟ್ಟೆ. ನಿಮ್ಮ ಮಿಲ್ಲಿನಲ್ಲಿ ಬೇರೆಲ್ಲೂ ಇಲ್ಲದ್ದು ಏನಿದೆ ಎಂದು ಕೇಳಿದೆ. ಅವರು ತುಂಬ ಹೊತ್ತು ಯೋಚಿಸಿ ಒಂದು ವಿಷಯ ಹೇಳಿದರು. ಒಂದು ಮನೆಯ ಪುಡಿ ಆದ ಮೇಲೆ, ಇನ್ನೊಂದು ಮನೆಯದ್ದು ಹಾಕುವ ಮೊದಲು ಒಂದು ಹಿಡಿ ಕುಚ್ಚಲಕ್ಕಿ ಹಾಕಿ ಮಿಲ್ ತಿರುಗಿಸುತ್ತಾರಂತೆ. ಒಳಗೆ ಅಂಟಿಕೊಂಡದ್ದೆಲ್ಲ ಆ ಅಕ್ಕಿಗೆ ಹಿಡಿದು ಹೊರಗೆ ಬರುತ್ತದೆ. ಒಬ್ಬರ ಮನೆಯ ಪರಿಮಳ ಇನ್ನೊಬ್ಬರ ಮನೆಗೆ ಹೋಗಬಾರದು. ಆ ಕೆಂಪು ಹಿಟ್ಟನ್ನು ಕೋಳಿಗೆ ಹಾಕುತ್ತಾರೆ. ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪಿಸಿಲ್ಲ.

ನಾನು ನೋಟು ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಲೂ ಇಲ್ಲ. ಕೋಳಿಯ ಹಿಟ್ಟು ಯಾರಿಗೆ ಬೇಕು?

ಮೂರು ವಾರ ಆದ ಮೇಲೆ ನನ್ನ ಸಾಲು ಸಿದ್ಧವಾಯಿತು. ‘ಕುಲಶೇಖರದ ಒಂದು ಮನೆ. ಮೂರು ತಲೆಮಾರಿನ ಗುಟ್ಟು. ಈಗ ನಿಮ್ಮ ಅಡುಗೆಮನೆಗೆ.’ ಪುಡಿ ಅವರ ಅತ್ತೆಯ ಅಳತೆಯದ್ದು. ಹಳೆಯ ಕಾಲದ ಒಂದು ಬಾಗಿಲು, ಅರ್ಧ ತೆರೆದದ್ದು, ಒಳಗೆ ಕತ್ತಲೆ: ಅದು ಚಿತ್ರ. ನನ್ನ ಕೈಯನ್ನು ನಾನೇ ಕುಲುಕಿಕೊಳ್ಳುವುದೊಂದು ಬಾಕಿ.

ಫೆಲ್ಸಿಬಾಯಿ ಓದಿ ಕನ್ನಡಕ ತೆಗೆದರು. “ಯಾವ ಮನೆ ಶೆಟ್ರೇ?”

ಯಾವುದೋ ಒಂದು ಮನೆ, ಓದುವವರಿಗೆ ಕುತೂಹಲ ಬರಬೇಕು ಎಂದೆ.

“ನಮ್ಮ ಅತ್ತೆಯ ಅಳತೆ ಅಲ್ವಾ ಇದು? ನಮ್ಮ ಮನೆ ಅಂತಲೇ ಬರೀಬಹುದಲ್ಲ.”

ಹಾಗೆ ಬರೆದರೆ ಮಜಾ ಇರುವುದಿಲ್ಲ ಬಾಯಮ್ಮ, ಗುಟ್ಟು ಎಂದ ಮೇಲೆ ಸ್ವಲ್ಪ ಮುಚ್ಚಿರಬೇಕು ಎಂದು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಕಲಿತವರು, ಪೇಪರಿಗೆ ಬರೆಯುವವರು, ಪರಿಚಯದವರ ಮಗ ಎಂದು ಸುಮ್ಮನಾದರು. ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಹೀಗೆ ಸುಮ್ಮನಾದವರ ಮರ್ಯಾದೆ.

ಕಾಮತ್ರು ಬಜಪೆಗೆ ಫೋನು ಮಾಡಿ ಸಾಲು ಓದಿದರು. ಸುಮತಿಯಕ್ಕ ‘ಎಲ್ಲಿ ಸಿಗ್ತದೆ’ ಎಂದೂ ಕೇಳಲಿಲ್ಲ, ಯಾರು ಬರೆದದ್ದೆಂದೂ ಕೇಳಲಿಲ್ಲ. ಅವರು ಕೇಳಿದ್ದೂ ಅದೇ: “ಯಾವ ಮನೆ?” ಅಲ್ಲಿಯವರೆಗೆ ಅವರು ಹೀಗೆ ಮೂರನೆಯ ಒಂದು ಪ್ರಶ್ನೆ ಕೇಳಿದ್ದೇ ಇಲ್ಲ. ಕಾಮತ್ರು ಲವಂಗವನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ತಳ್ಳಿ, ಕುತೂಹಲ ಹುಟ್ಟಿದೆ ಎಂದಾಯಿತಲ್ಲ, ಪಾಸೇ ಅನ್ನಿ ಎಂದರು. ಇಬ್ಬರು ಹೆಂಗಸರು ಒಂದೇ ಪ್ರಶ್ನೆ ಕೇಳಿದ್ದರು. ನಾವಿಬ್ಬರು ಬುದ್ಧಿವಂತರು ಅದನ್ನು ಮೆಚ್ಚುಗೆ ಎಂದು ತಿಳಿದೆವು.

ಜಾಹೀರಾತು ಗೆದ್ದಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸೋತ ಜಾಹೀರಾತಿನಿಂದ ಯಾರಿಗೂ ತೊಂದರೆಯಿಲ್ಲ. ಬಂದರಿನ ಸಗಟು ಅಂಗಡಿಗಳಲ್ಲಿ ಪ್ಯಾಕೆಟ್ ಇಳಿಸಿದ ದಿನವೇ ಖಾಲಿ. ಗಲ್ಫಿಗೆ ಹೋಗುವವರು ಬಜಪೆಯಲ್ಲಿ ವಿಮಾನ ಹತ್ತುವ ಮುಂಚೆ ಸೂಟ್‌ಕೇಸಿಗೆ ತುರುಕಿಕೊಂಡರು. ನಮ್ಮ ವೃತ್ತಿಯವರ ಕೂಟವೊಂದು ನನಗೆ ಒಂದು ಫಲಕ ಕೊಟ್ಟಿತು. ಅದರ ಮೇಲೆ ಒಂದು ರೆಕ್ಕೆಯ ಹಕ್ಕಿ ಇತ್ತು. ಇನ್ನೊಂದು ರೆಕ್ಕೆ ಮುರಿದದ್ದೋ, ಅದೂ ಸೃಜನಶೀಲತೆಯೋ ಎಂದು ಕೇಳಲು ನಾಚಿಕೆಯಾಯಿತು.

ಅದೇ ವಾರ ಲೀನಾ ಟೀಚರ್ ಮಿಲ್ಲಿಗೆ ಹೋದರು. ಅರ್ಧ ಕುಲಶೇಖರಕ್ಕೆ ಗಣಿತ ಕಲಿಸಿ ನಿವೃತ್ತರಾದವರು. ಅವರು ಜಗಳವಾಡಲಿಲ್ಲ. ಪ್ರತಿ ವರ್ಷ ಪುಡಿ ತುಂಬಿಸಿಡಲೆಂದು ಮಿಲ್ಲಿನಲ್ಲೇ ಬಿಟ್ಟು ಹೋಗುತ್ತಿದ್ದ ತಮ್ಮ ಡಬ್ಬಿಯನ್ನು ವಾಪಸ್ ಕೇಳಿದರು, ಅಷ್ಟೇ. ಫೆಲ್ಸಿಬಾಯಿ ಯಾಕೆಂದು ಕೇಳಿದ್ದಕ್ಕೆ, ನನ್ನ ಪುಡಿ ಈಗ ಎಲ್ಲ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ಹೇಳಿ ನಡೆದರು.

ಆ ಮೇಲೆ ಒಂದೊಂದೇ ಡಬ್ಬಿ ಹೋಯಿತು. ಪ್ರತಿಯೊಬ್ಬರೂ ಪ್ಯಾಕೆಟ್ ತಂದು ರುಚಿ ನೋಡಿದ್ದರು, ಪ್ರತಿಯೊಬ್ಬರಿಗೂ ಅದರಲ್ಲಿ ಸಿಕ್ಕಿದ್ದು ತಮ್ಮದೇ ಮನೆ. ಸಿಗದೆ ಇರುತ್ತದೆಯೇ? ಸಾಮಾನು ಒಂದೇ, ಒಬ್ಬರೇ ಹುರಿದದ್ದು, ಒಂದೇ ಮಿಲ್. ಮೇಲಿಂದ ‘ಕುಲಶೇಖರದ ಒಂದು ಮನೆಯ ಗುಟ್ಟು’ ಎಂದು ನಾನೇ ಅಚ್ಚುಹಾಕಿ ಹೇಳಿದ್ದೆ. ಗುಟ್ಟು ಕಳೆದುಕೊಂಡೆವೇನೋ ಎಂಬ ಹೆದರಿಕೆ ಇದ್ದವರೆಲ್ಲ ಅದನ್ನು ಅಲ್ಲಿ ಪತ್ತೆಹಚ್ಚಿದರು. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದಾಗ ಫೆಲ್ಸಿಬಾಯಿಯ ಜೊತೆ ಮಾತಿಗೆ ನಿಲ್ಲುತ್ತಿದ್ದವರು ಈಗ ಗಡಿಯಾರ ನೋಡಿಕೊಳ್ಳುತ್ತಿದ್ದರು.

ನನಗೆ ಇದೆಲ್ಲ ಗೊತ್ತಾದದ್ದು ನನ್ನ ಮನೆಯಲ್ಲೇ. ವಸಂತಿ ಒಂದು ಪ್ಯಾಕೆಟ್ ಒಡೆದು, ಚಿಟಿಕೆ ಪುಡಿ ನಾಲಿಗೆಗಿಟ್ಟುಕೊಂಡು, ಇದು ಅತ್ತೆಯ ಅಳತೆ ಎಂದು ತೀರ್ಪು ಕೊಟ್ಟಳು. ಅತ್ತೆ ಎಂದರೆ ನನ್ನ ಅಮ್ಮ. ನಮ್ಮದು ಗಸಿಯ ಪುಡಿ, ಮೆಂತೆ ಹಾಕುತ್ತೇವೆ, ಇದು ಬಫಾತಿನದ್ದು, ಇದರಲ್ಲಿ ಮೆಂತೆಯೇ ಇಲ್ಲವಲ್ಲ ಎಂದೆ.

“ಅದೇ ಮತ್ತೆ. ಗೊತ್ತಾಗ್ಬಾರ್ದು ಅಂತ ಮೆಂತೆ ತೆಗೆದಿದ್ದಾರೆ.”

ಆ ಸಾಲು ಬರೆದವನು ನಾನು, ‘ಒಂದು ಮನೆ’ ಎನ್ನುವುದನ್ನು ನಾನೇ ಹುಟ್ಟಿಸಿದ್ದು, ನಂಬಬೇಡ ಎಂದು ಬೇಡಿಕೊಂಡೆ. ಅವಳು ಪ್ಯಾಕೆಟಿನ ಬಾಯಿ ಮಡಚಿ ರಬ್ಬರ್ ಹಾಕುತ್ತ ಕೇಳಿದಳು, “ನೀವು ಬರ್ದದ್ದನ್ನು ನಂಬ್ಲಿಕ್ಕಿಲ್ಲದಿದ್ರೆ ನೀವು ಹೇಳಿದ್ದನ್ನು ಯಾಕೆ ನಂಬ್ಬೇಕು?”

ನಾವು ಜಾಹೀರಾತಿನವರು ಎಂಥ ಜನ ಎಂದರೆ, ಬೆಂಕಿ ಬಿದ್ದರೆ ಅದಕ್ಕೂ ಒಂದು ಜಾಹೀರಾತು ಬರೆಯುತ್ತೇವೆ. ನಾನು ಇನ್ನೊಂದು ಬರೆದೆ: ‘ಈ ಪುಡಿ ಯಾರ ಮನೆಯ ಗುಟ್ಟೂ ಅಲ್ಲ.’ ಮಂಗಳೂರಿನಂಥ ಊರಿನಲ್ಲಿ ಅಲ್ಲ ಎಂದು ಪೇಪರಿನಲ್ಲಿ ಹಾಕಿದರೆ ಹೌದು ಎಂದೇ ಅರ್ಥ. ಅಲ್ಲಿಯವರೆಗೆ ಅನುಮಾನ ಇಲ್ಲದಿದ್ದವರೂ ಪ್ಯಾಕೆಟ್ ತರಿಸಿ ರುಚಿ ನೋಡಿದರು. ಮಾರಾಟ ಇನ್ನಷ್ಟು ಏರಿತು. ಕಾಮತ್ರು ಖುಷಿಪಡಬೇಕೋ ಬೇಡವೋ ತಿಳಿಯದೆ ಎರಡು ಲವಂಗ ಬಾಯಿಗೆ ಹಾಕಿಕೊಂಡರು.

ಬಿಸಿಲು ಬಲಿಯಿತು. ಮಿಲ್ಲಿನ ಮುಂದೆ ಸಾಲು ನಿಲ್ಲಬೇಕಾದ ತಿಂಗಳು. ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ. ಅಂಗಳದಲ್ಲಿ ಮೆಣಸು ಒಣಹಾಕುವ ಚಾಪೆಗಳು ಸುರುಳಿ ಸುತ್ತಿಕೊಂಡೇ ಇದ್ದವು. ಒಳಗೆ ಪ್ಯಾಕೆಟಿನ ಪುಡಿ ರಾಶಿ ಬಿದ್ದಿತ್ತು. ಡಬ್ಬಿ ಇಡುವ ಕಪಾಟಿನಲ್ಲಿ ಡಬ್ಬಿಗಳಿದ್ದ ಕಡೆ ಧೂಳಿಲ್ಲದ ಗುಂಡು ಗುರುತುಗಳು ಮಾತ್ರ. ಫೆಲ್ಸಿಬಾಯಿ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಬಯ್ಯುತ್ತಾರೆಂದು ತಯಾರಾಗಿ ಹೋಗಿದ್ದೆ. ಬಯ್ದಿದ್ದರೆ ಒಳ್ಳೆಯದಿತ್ತು.

“ಪ್ಯಾಕೆಟ್ ನಿಲ್ಲಿಸ್ತೇನೆ. ಅದು ಎಷ್ಟು ಹೋದ್ರೂ ನನಗೆ ಎಂತಕ್ಕೆ? ಕಳ್ಳಿ ಅಂತ ಹೆಸರು ಬಂದ ಮೇಲೆ ಈ ಮಿಲ್ಲಿನಲ್ಲಿ ಕೂತ್ಕೊಳ್ಲಿಕ್ಕೆ ಆಗುದಿಲ್ಲ ನನಗೆ.”

ಪ್ಯಾಕೆಟ್ ಚೆನ್ನಾಗಿ ಹೋಗುತ್ತಿದೆ, ಸ್ವಲ್ಪ ತಾಳಿ, ಜನ ಮರೆಯುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಖಾಲಿ ಕಪಾಟು ಕಂಡು ಬಾಯಿ ಮುಚ್ಚಿದೆ. ಅವರು ಆ ರಟ್ಟಿನ ಪುಸ್ತಕ ತೆಗೆದುಕೊಂಡು, ಕತ್ತರಿಯಿಂದ ಒಂದೊಂದೇ ಪುಟ ಬಿಡಿಸತೊಡಗಿದರು. ಎಲ್ಲ ಮನೆಗೂ ಅವರವರ ಪುಟ ವಾಪಸ್ ಕೊಟ್ಟುಬಿಡುತ್ತಾರಂತೆ. ನಾನು ಪಾಪ ಅಂದುಕೊಂಡು ನೋಡುತ್ತ ನಿಂತಿದ್ದೆ.

“ನೋಡುದು ಎಂತ? ನೀವೇ ಬರ್ದದ್ದಲ್ವಾ, ನೀವೂ ಬನ್ನಿ.”

ನಾಲ್ಕು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕುಲಶೇಖರದ ಏರು ಇಳಿಜಾರುಗಳಲ್ಲಿ ಬಿಸಿಲಿಗೆ ನಡೆದೆವು. ಅವರ ಕೈಯಲ್ಲಿ ಪುಟಗಳ ಚೀಲ, ನನ್ನ ಕೈಯಲ್ಲಿ ಕೊಡೆ. ಮೊದಲ ಮನೆಯ ಚಾವಡಿಯಲ್ಲಿ ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ವಿಶ್ವಾಸವೆಂಬುದು ಒಂದು ಪರಂಪರೆ, ಆ ಪರಂಪರೆಗೆ ನನ್ನ ಲೇಖನಿಯಿಂದ ಅರಿಯದೆ ಆದ ಗಾಯ, ಹೀಗೆಲ್ಲ ಏನೋ. ಮನೆಯವರು ನನ್ನನ್ನು ಇನ್ಶೂರೆನ್ಸ್ ಮಾರಲು ಬಂದವನ ಹಾಗೆ ನೋಡಿದರು. ಗೇಟಿನಿಂದ ಹೊರಗೆ ಬಂದ ಮೇಲೆ ಫೆಲ್ಸಿಬಾಯಿ ಹೇಳಿದರು, “ಶೆಟ್ರೇ, ಅಷ್ಟು ಚಂದ ಮಾಡಿ ಹೇಳ್ಬೇಡಿ ಮಾರಾಯ್ರೇ. ಯಾರೂ ನಂಬುದಿಲ್ಲ.”

ಎರಡನೆಯ ಮನೆಯಿಂದ ನಾನು ಹೇಳಿದ್ದು ಇಷ್ಟೇ: ಒಂದು ಮನೆಯ ಗುಟ್ಟು ಎಂದು ಬರೆದದ್ದು ನಾನು, ಬಾಯಮ್ಮ ಬೇಡ ಅಂದಿದ್ದರು, ಅದು ಅವರ ಅತ್ತೆಯ ಅಳತೆ. ಮೊದಮೊದಲು ತಡವರಿಸುತ್ತಿದ್ದೆ. ಹತ್ತನೆಯ ಮನೆಯ ಹೊತ್ತಿಗೆ ಸಲೀಸಾಯಿತು. ಸಲೀಸಾಗಿ ಬರತೊಡಗಿದಾಗ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು, ಹಾಗಾಗಿ ಮತ್ತೆ ತಡವರಿಸಿ ಹೇಳಲು ಕಲಿತೆ. ವೃತ್ತಿಯ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕೆಲವರು ಪುಟ ತೆಗೆದುಕೊಂಡು ನಿಂಬೆ ಶರಬತ್ತು ಕೊಟ್ಟರು. ಕೆಲವರು ಗೇಟಿನಲ್ಲೇ ಪುಟ ತೆಗೆದುಕೊಂಡು ಗೇಟು ಹಾಕಿದರು. ಲೀನಾ ಟೀಚರ್ ನಮ್ಮನ್ನು ಕೂರಿಸಿ, ಕನ್ನಡಕ ಹಾಕಿ, ತಮ್ಮ ಪುಟ ಓದಿದರು. ಅದರ ತಲೆಯಲ್ಲಿ ಒಂದು ಪುಟ್ಟ ಕರಿಹಲಗೆಯ ಚಿತ್ರ ಇತ್ತು. ನಂತರ ಪಾಠ ಕೇಳುವ ದನಿಯಲ್ಲಿ ಕೇಳಿದರು.

“ನನ್ನ ಪುಟ ನನಗೆ ಕೊಟ್ಟದ್ದು ಸರಿ ಫೆಲ್ಸಿ. ಪ್ಯಾಕೆಟಿನದ್ದು ಬೇರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಪುರಾವೆ ಬೇಕೆಂದರೆ ಅತ್ತೆಯ ಅಳತೆ ತೋರಿಸಬೇಕು. ಅದನ್ನು ತೋರಿಸಿದರೆ ಫೆಲ್ಸಿಬಾಯಿಯ ಸ್ವಂತದ್ದು ಎಂದು ಏನೂ ಉಳಿಯುವುದಿಲ್ಲ. ಬೇಡ ಎಂದು ಹೇಳಲು ನಾನು ಅವರ ಕಡೆ ತಿರುಗಿದೆ. ಅವರು ಆಗಲೇ ಚೀಲದ ತಳದಿಂದ ಇನ್ನೊಂದು ಪುಟ ತೆಗೆದು ಟೀಚರ ಮೇಜಿನ ಮೇಲೆ ಇಟ್ಟಾಗಿತ್ತು. ಹಳದಿ ಬಣ್ಣಕ್ಕೆ ತಿರುಗಿದ ಕಾಗದ, ಅತ್ತೆಯ ಕೈಬರಹ, ಮೇಲೆ ಒಂದು ಬೀಸುವ ಕಲ್ಲಿನ ಚಿತ್ರ.

ಟೀಚರ್ ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಾಡಿಸಿದರು. ಜೀರಿಗೆಯಲ್ಲಿ ಬೆರಳು ನಿಂತಿತು, ಒಳ್ಳೆಮೆಣಸಿನಲ್ಲಿ ಮತ್ತೆ ನಿಂತಿತು. ಆಮೇಲೆ ಅತ್ತೆಯ ಪುಟವನ್ನು ಮಡಚಿ ಫೆಲ್ಸಿಬಾಯಿಯ ಕೈಗೆ ಕೊಟ್ಟು, ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಇದನ್ನು ಬೇರೆ ಯಾರಿಗೂ ತೋರಿಸಬೇಡ ಎಂದರು. ಆದರೆ ಫೆಲ್ಸಿಬಾಯಿ ಅಲ್ಲಿಂದ ಮುಂದಿನ ಪ್ರತಿ ಮನೆಯಲ್ಲೂ ತೋರಿಸಿದರು. ಮೊದಲು ಹೋಗಿ ಬಂದ ಮನೆಗಳಿಗೂ ಮತ್ತೊಮ್ಮೆ ಹೋಗಿ ತೋರಿಸಿದರು. ಊರಿನ ಗುಟ್ಟುಗಳನ್ನೆಲ್ಲ ಉಳಿಸಲು ಅವರು ತಮ್ಮದೊಂದನ್ನು ಮನೆಮನೆಗೆ ಹಂಚಿದರು. ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತಲ್ಲೇ ನನಗೆ ಅಳು ಬಂದಿತ್ತು. ಹಾಗೆ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಕೊನೆಯ ಭಾನುವಾರ ಚೀಲದಲ್ಲಿ ಅತ್ತೆಯದ್ದು ಬಿಟ್ಟರೆ ಒಂದೇ ಪುಟ ಉಳಿದಿತ್ತು. ಇನ್ನು ಯಾರ ಮನೆ ಎಂದು ಕೇಳಿದೆ. ಅವರು ಪುಟ ನನ್ನ ಕೈಗೆ ಕೊಟ್ಟರು. ತಲೆಯಲ್ಲಿ ಮಲ್ಲಿಗೆ ಬಳ್ಳಿಯ ಚಿತ್ರ. ಅಮ್ಮ ಅಂಗಳದಲ್ಲಿ ಬೆಳೆಸಿದ್ದ ಬಳ್ಳಿ, ಅವಳು ಹೋದ ಎರಡನೆಯ ವರ್ಷ ಒಣಗಿತ್ತು. ಕೆಳಗೆ ಕೊತ್ತಂಬರಿ ಇಷ್ಟು, ಮೆಂತೆ ಇಷ್ಟು. ನನ್ನ ಮನೆಯ ಬಾಗಿಲಲ್ಲಿ ನಿಂತು ವಸಂತಿಗೆ ಅದೇ ಮಾತು ಹೇಳಿದೆ, ಬರೆದದ್ದು ನಾನು, ಬಾಯಮ್ಮ ಬೇಡ ಅಂದಿದ್ದರು ಎಂದು. ವಸಂತಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ. ನನ್ನ ಕೈಯಲ್ಲಿದ್ದ ಪುಟ ನೋಡಿ, ಬಾಯಮ್ಮನನ್ನು ಒಳಗೆ ಕರೆದು, ಫ್ಯಾನು ಹಾಕಿದಳು.

ಡಬ್ಬಿಗಳು ಒಂದೇ ಸಲ ವಾಪಸ್ ಬರಲಿಲ್ಲ. ಆ ವರ್ಷ ಕೆಲವು, ಮುಂದಿನ ವರ್ಷ ಇನ್ನು ಕೆಲವು. ಲೀನಾ ಟೀಚರದ್ದು ಮೊದಲು ಬಂತು. ಪ್ಯಾಕೆಟ್ ಮಾತ್ರ ನಿಂತೇಹೋಯಿತು. ಅತ್ತೆಯ ಅಳತೆ ಈಗ ಊರಿಗೆಲ್ಲ ಗೊತ್ತು. ಒಂದು ದೊಡ್ಡ ಅಂಗಡಿಯಲ್ಲಿ ಅದೇ ಪುಡಿಯನ್ನು ಬೇರೆ ಯಾರದ್ದೋ ಹೆಸರಿನ ಪ್ಯಾಕೆಟಿನಲ್ಲಿ ನೋಡಿದೆ. ಹಿಂದುಗಡೆ ಓದಿದರೆ ಯಾರದ್ದೋ ಅಜ್ಜಿಯ ಕಥೆ ಇತ್ತು, ಚೆನ್ನಾಗಿ ಬರೆದಿದ್ದರು. ಆ ಅಜ್ಜಿ ಯಾರೆಂದು ಬರೆದವನನ್ನು ಕೇಳುವ ಸುಮತಿಯಕ್ಕ ಈಗ ಇಲ್ಲ. ಒಂದು ರೆಕ್ಕೆಯ ಹಕ್ಕಿಯ ಫಲಕ ನಮ್ಮ ಮನೆಯಲ್ಲಿ ಕಿಟಕಿ ಬಡಿದುಕೊಳ್ಳದಂತೆ ಆನಿಸಲು ಉಪಯೋಗಕ್ಕೆ ಬರುತ್ತಿದೆ.

ಕಾಲೇಜಿನಿಂದ ಬಂದ ಮರುದಿನ ಡಬ್ಬಿ ಹಿಡಿದುಕೊಂಡು ಮಿಲ್ಲಿಗೆ ಹೋದೆ. ವಸಂತಿಗೆ ಮಂಡಿ ನೋವು, ಹಾಗಾಗಿ ಈ ವರ್ಷ ಮೊದಲ ಸಲ ನಾನೇ. ಮಲ್ಲಿಗೆ ಬಳ್ಳಿಯ ಪುಟ ಎಲ್ಲಿಟ್ಟಿದ್ದೇವೆಂದು ಮನೆಯಿಡೀ ಹುಡುಕಿದರೂ ಸಿಕ್ಕಿರಲಿಲ್ಲ. ಫೆಲ್ಸಿಬಾಯಿಗೆ ಈಗ ತಲೆಯೆಲ್ಲ ಬೆಳ್ಳಗೆ, ಆದರೂ ಮಿಲ್ಲಿನ ಪಕ್ಕದ ಸ್ಟೂಲು ಬಿಟ್ಟಿಲ್ಲ. ಅಳತೆಯ ಚೀಟಿ ಕಳೆದುಹೋಗಿದೆ ಎಂದು ತಪ್ಪಿತಸ್ಥನ ಹಾಗೆ ಹೇಳಿದೆ. ಅವರಿಗೆ ನಗು ಬಂತು. ಚೀಟಿ ಕೇಳಿದವರು ಯಾರು ಎಂದು ಹೇಳಿ, ಕೊತ್ತಂಬರಿ ತೂಗಲು ಶುರುಮಾಡಿದರು. ಮೆಂತೆಯವರೆಗೂ ಎಲ್ಲಿಯೂ ಕೈ ತಡೆಯಲಿಲ್ಲ. ಅಷ್ಟೂ ಮನೆಗಳದ್ದು ಅವರಿಗೆ ಬಾಯಿಪಾಠ ಇತ್ತು. ಪುಸ್ತಕ ಬರೆದಿಟ್ಟದ್ದು ತಾನು ಸತ್ತರೆ ಊರಿನವರಿಗೆ ತೊಂದರೆಯಾಗಬಾರದು ಎಂದಂತೆ.

ನನ್ನ ಸಾಮಾನು ಹಾಕುವ ಮೊದಲು ಅವರು ಚೀಲಕ್ಕೆ ಕೈಹಾಕಿ ಒಂದು ಹಿಡಿ ಕುಚ್ಚಲಕ್ಕಿ ತೆಗೆದು ಮಿಲ್ಲಿಗೆ ಸುರಿದರು. ಅಂದು ಬೆಳಿಗ್ಗೆಯಿಂದ ಬೇರೆ ಯಾರೂ ಬಂದಿರಲಿಲ್ಲ, ಮಿಲ್ ಹಿಂದಿನ ದಿನವೇ ತೊಳೆದದ್ದಾಗಿತ್ತು, ನೋಡುತ್ತಿದ್ದವನು ನಾನೊಬ್ಬ. ಹಿಟ್ಟು ಕೆಳಗಿನ ತಟ್ಟೆಗೆ ಬಿತ್ತು.

ಬಾಯಮ್ಮ, ಅಂದು ನೀವು ಈ ಅಕ್ಕಿಯ ವಿಷಯ ಹೇಳಿದ್ದಿರಿ, ನಾನು ಬರೆಯಬೇಕಾಗಿದ್ದದ್ದು ಇದನ್ನೇ, ಆಗ ತಿಳಿಯಲಿಲ್ಲ ಎಂದೆ. ಈಗ ಬರೆದರೆ ಹೇಗೆ ಎಂಬ ಆಸೆಯೂ ದನಿಯಲ್ಲಿ ಸ್ವಲ್ಪ ಇತ್ತೆಂದು ಕಾಣುತ್ತದೆ.

ಫೆಲ್ಸಿಬಾಯಿ ತಟ್ಟೆಯ ಹಿಟ್ಟನ್ನು ಕೋಳಿಯ ಡಬ್ಬಿಗೆ ಸುರಿದು, ಕೈ ಒರಸಿಕೊಂಡು, ನನ್ನ ಮೆಣಸನ್ನು ಮಿಲ್ಲಿಗೆ ಹಾಕಿದರು.

“ಅದನ್ನು ಎಂತ ಬರೀಲಿಕ್ಕೆ ಶೆಟ್ರೇ? ಅದು ಮಾಡ್ಲಿಕ್ಕೆ ಇರುದು.”